ಕಾಫಿ ಚೀಲಕ್ಕೆ ಹಂಚಿದ ಲೆಡ್ಜರ್: ಕೊಡಗಿನ ಸಂಘಗಳು ಸರ್ವರ್ ಕೊಳ್ಳುವ ಮುನ್ನ

ಕೊಡಗಿನ ಒಂದು ಕಾಫಿ ಚೀಲದ ಲೆಕ್ಕ ಕಡಿಮೆ ಎಂದರೂ ನಾಲ್ಕು ಕಡೆ ಇರುತ್ತದೆ. ತೋಟದ ರೈಟರ್ ಬರೆದದ್ದು ಒಂದು, ಬೆಳೆಗಾರರ ಸಂಘದ ಗೋದಾಮಿನ ರಿಜಿಸ್ಟರ್ ಇನ್ನೊಂದು, ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನ ಔಟ್‌ಟರ್ನ್ ವರದಿ (ಎಷ್ಟು ಬೀಜ ಸಿಕ್ಕಿತು ಎಂಬ ಲೆಕ್ಕ) ಮತ್ತೊಂದು, ರಫ್ತುದಾರರ ಕಂಪ್ಯೂಟರಿನಲ್ಲಿರುವುದು ನಾಲ್ಕನೆಯದು. ತೇವಾಂಶ ಎಷ್ಟಿತ್ತು, ತೂಕ ಎಲ್ಲಿ ಇಳಿಯಿತು ಎಂಬ ತಕರಾರು ಎದ್ದ ದಿನ ನಾಲ್ಕೂ ನಾಲ್ಕು ಮಾತು ಹೇಳುತ್ತವೆ. ಹಂಚಿದ ಲೆಡ್ಜರ್, ಅಂದರೆ ಸಾಮಾನ್ಯವಾಗಿ ಬ್ಲಾಕ್‌ಚೈನ್ ಎಂದು ಕರೆಯುವ ವ್ಯವಸ್ಥೆ, ಈ ನಾಲ್ವರ ಬಳಿಯೂ ಒಂದೇ ದಾಖಲೆಯ ಪ್ರತಿ ಇರುವಂತೆ ಮಾಡುತ್ತದೆ. ಹೊಸ ನಮೂದು ಸೇರಬೇಕಾದರೆ ಮೊದಲೇ ಒಪ್ಪಿಕೊಂಡ ನಿಯಮದಂತೆ ಸಂಬಂಧಪಟ್ಟವರ ಡಿಜಿಟಲ್ ಸಹಿ ಬೇಕು. ನಮೂದುಗಳ ಕಟ್ಟಿಗೆ ಬ್ಲಾಕ್ ಎನ್ನುತ್ತಾರೆ. ಪ್ರತಿಯೊಂದು ಬ್ಲಾಕ್‌ನಲ್ಲಿಯೂ ಹಿಂದಿನ ಬ್ಲಾಕ್‌ನ ಹ್ಯಾಶ್, ಅಂದರೆ ಅದರಲ್ಲಿ ಬರೆದದ್ದರಿಂದಲೇ ಲೆಕ್ಕ ಹಾಕಿ ತೆಗೆದ ಒಂದು ಗುರುತಿನ ಸಾಲು, ಇರುವುದರಿಂದ ಹಳೆಯದನ್ನು ಯಾರಾದರೂ ತಿದ್ದಿದರೆ ಉಳಿದವರ ಪ್ರತಿಗೆ ತಾಳೆಯಾಗುವುದಿಲ್ಲ.

ಈ ಮಾತು ಈಗ ಕೊಡಗಿನಲ್ಲಿ ಕೇಳಿಬರುವುದಕ್ಕೆ ಕಾರಣಗಳಿವೆ. 2019ರಲ್ಲಿ ಕೊಡಗಿನ ಅರೇಬಿಕಾ ಕಾಫಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಅದೇ ವರ್ಷ ಕಾಫಿ ಮಂಡಳಿ ಬ್ಲಾಕ್‌ಚೈನ್ ಆಧಾರಿತ ಕಾಫಿ ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಆಮೇಲೆ ಬಂದದ್ದು ಐರೋಪ್ಯ ಒಕ್ಕೂಟದ 2023ರ ಅರಣ್ಯನಾಶ ನಿಯಮ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿಗೆ ಅಲ್ಲಿ ಪ್ರವೇಶವಿಲ್ಲ; ಬೆಳೆದ ಜಾಗದ ಅಕ್ಷಾಂಶ ರೇಖಾಂಶ ಕೊಡಬೇಕು; 4 ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಅದರ ಗಡಿರೇಖೆಯನ್ನೇ ಕೊಡಬೇಕು. ಜಾರಿಯ ದಿನಾಂಕವನ್ನು ಒಂದಕ್ಕಿಂತ ಹೆಚ್ಚು ಬಾರಿ ಮುಂದೂಡಿದ್ದಾರೆ, ಆದರೆ ಕೊಳ್ಳುವವರು ಆಗಲೇ ದಾಖಲೆ ಕೇಳತೊಡಗಿದರು. ಇಂಥ ಹೊತ್ತಿನಲ್ಲಿ ಸಾಫ್ಟ್‌ವೇರ್ ಮಾರುವವರು ಸಂಘಗಳ ಬಾಗಿಲಿಗೆ ಬರುವುದು ಸಹಜ.

ಮಾರುವವರು ಸಾಮಾನ್ಯವಾಗಿ ಹೇಳದ ಒಂದು ಸಂಗತಿಯ ಸುತ್ತಲೇ ಈ ಲೇಖನ ಇದೆ. ಹಂಚಿದ ಲೆಡ್ಜರಿನ ನಂಬಿಕೆ ಬರುವುದು ಸಾಫ್ಟ್‌ವೇರಿನಿಂದ ಅಲ್ಲ, ಸರ್ವರ್‌ಗಳು ಬೇರೆ ಬೇರೆಯವರ ಕೈಯಲ್ಲಿ ಇರುವುದರಿಂದ. ನಾಲ್ಕೂ ಸರ್ವರ್ ಒಂದೇ ಕಂಪನಿಯ ಒಂದೇ ಕ್ಲೌಡ್ ಖಾತೆಯಲ್ಲಿ, ಒಂದೇ ಪಾಸ್‌ವರ್ಡಿನ ಕೆಳಗೆ ಓಡುತ್ತಿದ್ದರೆ ನೀವು ಕೊಂಡದ್ದು ದುಬಾರಿಯಾದ ಸಾಧಾರಣ ಡೇಟಾಬೇಸ್.

ಮೊದಲು ಬೇಡ ಎಂದು ವಾದಿಸಿ ನೋಡಿ

ಸಂಘದ ಸಭೆಯಲ್ಲಿ ಮೂರು ಪ್ರಶ್ನೆ ಇಡಿ. ಲೆಕ್ಕ ಬರೆಯುವವರು ಒಬ್ಬರೋ ಹಲವರೋ? ಹಲವರಾದರೆ ಅವರ ನಡುವೆ ಹಣದ ಹಿತ ಬೇರೆ ಬೇರೆಯೇ? ಎಲ್ಲರೂ ಒಪ್ಪುವ ಒಬ್ಬ ಮೂರನೆಯವರು ಲೆಕ್ಕ ಇಡಲು ಸಿಗುವುದಿಲ್ಲವೇ? ಬರೆಯುವವರು ಒಬ್ಬರೇ ಆಗಿ ಉಳಿದವರು ಬರೀ ನೋಡುವವರಾದರೆ, ಅಥವಾ ಒಪ್ಪಿತ ಮೂರನೆಯವರು ಸಿಗುವುದಾದರೆ, ಪೋಸ್ಟ್‌ಗ್ರೆಸ್‌ನಂಥ ಉಚಿತ ಡೇಟಾಬೇಸ್ ಸಾಕು.

ಆದರೂ ಸಂಘದವರೇ ರಾತ್ರಿ ಕುಳಿತು ಅಂಕಿ ತಿದ್ದಿದರೆ ಎಂಬ ಶಂಕೆ ಉಳಿದಿದ್ದರೆ ಅದಕ್ಕೂ ಅಗ್ಗದ ಉಪಾಯವಿದೆ. ಪ್ರತಿದಿನ ಸಂಜೆ ಆ ದಿನದ ದಾಖಲೆಯನ್ನು ಒಂದು ಕಡತವಾಗಿ ಇಳಿಸಿ, ಅದರ ಎಸ್‌ಎಚ್‌ಎ-256 ಹ್ಯಾಶ್ ತೆಗೆಯಿರಿ. 64 ಅಕ್ಷರಗಳ ಒಂದು ಸಾಲು ಬರುತ್ತದೆ. ಅದನ್ನು ಸದಸ್ಯರ ವಾಟ್ಸ್‌ಆಪ್ ಗುಂಪಿಗೆ ಹಾಕಿ, ಮೂಲ ಕಡತದ ಪ್ರತಿಯನ್ನು ಇಬ್ಬರು ಮೂವರು ನಿರ್ದೇಶಕರಿಗೆ ಕೊಡಿ. ಮುಂದೆ ಆ ಕಡತದಲ್ಲಿ ಒಂದೇ ಒಂದು ಅಂಕಿ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಸದಸ್ಯರ ಮೊಬೈಲಿನಲ್ಲಿರುವ ಸಾಲು ಸಾಕ್ಷಿಯಾಗಿ ನಿಲ್ಲುತ್ತದೆ. ಸಣ್ಣ ಸಂಘಗಳ ಅಗತ್ಯ ಬಹುಪಾಲು ಇಲ್ಲಿಗೇ ಮುಗಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಅಂಥವರು ಮುಂದಿನದನ್ನು ಕುತೂಹಲಕ್ಕೆ ಓದಿದರೆ ಸಾಕು.

ಸಂಘ, ಕ್ಯೂರಿಂಗ್ ವರ್ಕ್ಸ್, ರಫ್ತುದಾರ, ಪ್ರಮಾಣೀಕರಣ ಸಂಸ್ಥೆ ಎಲ್ಲರೂ ಬರೆಯುವವರಾಗಿ, ಯಾರೂ ಇನ್ನೊಬ್ಬರ ಲೆಕ್ಕಕ್ಕೆ ತಲೆ ಬಾಗಿಸಲು ತಯಾರಿಲ್ಲದಿದ್ದರೆ ಮಾತ್ರ ಮುಂದೆ ಹೋಗಿ. ಹೋಗುವ ಮುನ್ನ ಅವರೆಲ್ಲ ನಿಜಕ್ಕೂ ಸೇರುತ್ತಾರೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಐಬಿಎಂ ಮತ್ತು ಮಾಯರ್ಸ್ಕ್ ಸೇರಿ ಹಡಗು ಸಾಗಣೆಗೆ ಕಟ್ಟಿದ ಟ್ರೇಡ್‌ಲೆನ್ಸ್ ಎಂಬ ದೊಡ್ಡ ಬ್ಲಾಕ್‌ಚೈನ್ ಜಾಲವನ್ನು ಮುಚ್ಚುವುದಾಗಿ 2022ರ ನವೆಂಬರಿನಲ್ಲಿ ಪ್ರಕಟಿಸಿದರು. ಉದ್ಯಮದ ಉಳಿದವರ ಪೂರ್ಣ ಸಹಕಾರ ಸಿಗಲಿಲ್ಲ ಎಂಬುದೇ ಅವರು ಕೊಟ್ಟ ಕಾರಣ. ಅಷ್ಟು ದೊಡ್ಡವರಿಗೇ ಆದದ್ದು ಗೋಣಿಕೊಪ್ಪದ ಸಂಘಕ್ಕೆ ಆಗಲಾರದು ಎಂದುಕೊಳ್ಳುವುದು ಬೇಡ.

ಏನನ್ನು ಬರೆಯಬೇಕು, ಏನನ್ನು ಬರೆಯಲೇಬಾರದು

ಲೆಡ್ಜರಿಗೆ ಹೋದದ್ದು ಅಳಿಯುವುದಿಲ್ಲ. ಆದ್ದರಿಂದ ಬೆಳೆಗಾರರ ಹೆಸರು, ಮೊಬೈಲ್ ಸಂಖ್ಯೆ, ಆಧಾರ್, ಬ್ಯಾಂಕ್ ಖಾತೆ ಅಲ್ಲಿಗೆ ಹೋಗಕೂಡದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ತನ್ನ ಮಾಹಿತಿಯನ್ನು ತಿದ್ದಿಸುವ, ಅಳಿಸುವ ಹಕ್ಕನ್ನು ವ್ಯಕ್ತಿಗೆ ಕೊಡುತ್ತದೆ. ಅಳಿಸಲಾಗದ ಪುಸ್ತಕದಲ್ಲಿ ಬರೆದಿಟ್ಟು ಆಮೇಲೆ ಕೈಚೆಲ್ಲಿದರೆ ಆಗದು. ಹೆಸರುಗಳು ಸಂಘದ ಸಾಮಾನ್ಯ ಡೇಟಾಬೇಸಿನಲ್ಲಿ ಇರಲಿ. ಲೆಡ್ಜರಿಗೆ ಒಂದು ಸದಸ್ಯ ಸಂಕೇತ, ಲಾಟ್ (ಒಟ್ಟಿಗೆ ಬಂದ ಸರಕು) ಸಂಖ್ಯೆ, ಅರೇಬಿಕಾ ಅಥವಾ ರೊಬಸ್ಟಾ, ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು) ಅಥವಾ ಚೆರ್ರಿ (ಹಣ್ಣನ್ನೇ ಒಣಗಿಸಿದ್ದು), ತೂಕ, ತೇವಾಂಶ, ದಿನಾಂಕ, ತೂಕದ ಚೀಟಿಯ ಫೋಟೋದ ಹ್ಯಾಶ್ ಇಷ್ಟು ಹೋದರೆ ಸಾಕು. ಫೋಟೋವನ್ನೇ ಲೆಡ್ಜರಿಗೆ ತುರುಕಬೇಡಿ.

ಕೊಡಗಿಗೇ ಸೇರಿದ ಒಂದು ತೊಡಕು ಇಲ್ಲಿದೆ. ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಾಗಗಳಲ್ಲಿ ಪಹಣಿ ಬಹುಕಾಲದಿಂದ ಪಟ್ಟೇದಾರರ, ಅಂದರೆ ಕುಟುಂಬದ ಹಿರಿಯರ, ಹೆಸರಿನಲ್ಲಿ ಬಂದಿದೆ. ತೋಟ ಮಾಡುವವರು ಅದೇ ಕುಟುಂಬದ ಬೇರೆ ಬೇರೆ ಮನೆಯವರು. ಬೆಂಗಳೂರಿನಲ್ಲಿ ಕುಳಿತು ತಯಾರಿಸಿದ ತಂತ್ರಾಂಶ ಒಂದು ಸರ್ವೆ ನಂಬರಿಗೆ ಒಬ್ಬ ಮಾಲೀಕ ಎಂದು ಎಣಿಸಿದ್ದರೆ ಮೊದಲ ದಿನವೇ ಐನ್‌ಮನೆಯ (ಕುಟುಂಬದ ಮೂಲ ಮನೆಯ) ಜಗಳ ಸರ್ವರಿಗೆ ಬರುತ್ತದೆ. ಹಾಗಾಗಿ ಜಾಗದ ಗುರುತು, ಬೆಳೆದವರ ಗುರುತು, ಹಣ ಪಡೆಯುವವರ ಗುರುತು ಈ ಮೂರನ್ನೂ ಪ್ರತ್ಯೇಕ ಕಾಲಂ ಮಾಡಿಸಿ. ತೋಟದ ಗಡಿರೇಖೆಯನ್ನು ಜಾಗದ ಗುರುತಿಗೆ ಜೋಡಿಸಿ, ವ್ಯಕ್ತಿಗೆ ಅಲ್ಲ. ಇದನ್ನು ತಂತ್ರಾಂಶ ಬರೆಯುವ ಮೊದಲೇ ಹೇಳಬೇಕು; ಬರೆದ ಮೇಲೆ ತಿದ್ದುವುದು ಕಷ್ಟ.

ಇನ್ನೊಂದು ಮಾತು. ತಕ್ಕಡಿಯಲ್ಲಿ ಸುಳ್ಳು ಹೇಳಿದರೆ ಲೆಡ್ಜರ್ ಆ ಸುಳ್ಳನ್ನೇ ಭದ್ರವಾಗಿ ಕಾಪಾಡುತ್ತದೆ. ತೇವಾಂಶ ಮಾಪಕವನ್ನು ಸುಗ್ಗಿಗೆ ಮೊದಲು ಪರೀಕ್ಷೆ ಮಾಡಿಸದೆ ಸರ್ವರಿಗೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ.

ಯಾವ ಬಗೆಯ ಜಾಲ

ಬಿಟ್‌ಕಾಯಿನ್ 2009ರಿಂದ ಓಡುತ್ತಿರುವ ಸಾರ್ವಜನಿಕ ಜಾಲ. ಯಾರು ಬೇಕಾದರೂ ಸೇರಬಹುದು, ಅದಕ್ಕಾಗಿಯೇ ಅಲ್ಲಿ ಅಪಾರ ವಿದ್ಯುತ್ ಸುಡುವ ಸ್ಪರ್ಧೆ ಇದೆ. ಇನ್ನೊಂದು ಸಾರ್ವಜನಿಕ ಜಾಲವಾದ ಎಥೀರಿಯಂ 2022ರ ಸೆಪ್ಟೆಂಬರಿನಲ್ಲಿ ಆ ಸ್ಪರ್ಧೆಯನ್ನು ಕೈಬಿಟ್ಟಿತು. ಎರಡೂ ನಿಮ್ಮ ಚೀಲದ ಲೆಕ್ಕಕ್ಕೆ ಬೇಡ. ನಿಮಗೆ ಬೇಕಾದದ್ದು ಗುರುತಿರುವ ಸದಸ್ಯರಷ್ಟೇ ಸೇರುವ ಅನುಮತಿ ಆಧಾರಿತ ಜಾಲ. ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಇದಕ್ಕೆ ಹೆಚ್ಚು ಬಳಕೆಯಲ್ಲಿದೆ; ಉಚಿತ, ಮುಕ್ತ ತಂತ್ರಾಂಶ, ಲಿನಕ್ಸ್ ಫೌಂಡೇಶನ್ ಆಶ್ರಯದ್ದು. ಮುಂದಿನ ವಿವರಗಳೆಲ್ಲ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬರೆದವು.

ಫ್ಯಾಬ್ರಿಕ್‌ನಲ್ಲಿ ಮೂರು ಬಗೆಯ ಯಂತ್ರಗಳು. ಪೀರ್ ಎಂಬುದು ಲೆಡ್ಜರಿನ ಪ್ರತಿ ಇಟ್ಟುಕೊಳ್ಳುತ್ತದೆ, ನಮೂದನ್ನು ಪರೀಕ್ಷಿಸಿ ಸಹಿ ಹಾಕುತ್ತದೆ. ಆರ್ಡರರ್ ಎಂಬುದು ಎಲ್ಲರಿಂದ ಬಂದ ನಮೂದುಗಳನ್ನು ಒಂದು ಸಾಲಿನಲ್ಲಿ ಜೋಡಿಸಿ ಬ್ಲಾಕ್ ಮಾಡುತ್ತದೆ. ಪ್ರಮಾಣಪತ್ರ ಸರ್ವರ್ ಸದಸ್ಯರಿಗೆ ಡಿಜಿಟಲ್ ಗುರುತು ಕೊಡುತ್ತದೆ. ಲಾಟ್ ಕೈ ಬದಲಾಗುವಾಗ ಕೊಟ್ಟವರ ಪೀರ್ ಮತ್ತು ಪಡೆದವರ ಪೀರ್ ಎರಡೂ ಸಹಿ ಮಾಡಿದರೆ ಮಾತ್ರ ನಮೂದು ಸಿಂಧು ಎಂಬ ನಿಯಮವನ್ನು ತಪ್ಪದೆ ಹಾಕಿಸಿ. ಒಬ್ಬರ ಸಹಿ ಸಾಕು ಎಂದು ಬಿಟ್ಟರೆ ತಕರಾರು ಹಿಂದಿನಂತೆಯೇ ಉಳಿಯುತ್ತದೆ. ದರ ಎಲ್ಲರಿಗೂ ಕಾಣಬಾರದು ಎನ್ನುವವರಿಗೆ ಖಾಸಗಿ ದತ್ತಾಂಶ ಎಂಬ ಸೌಲಭ್ಯವಿದೆ: ದರ ಇಬ್ಬರ ನಡುವೆ ಉಳಿದು, ಅದರ ಹ್ಯಾಶ್ ಮಾತ್ರ ಎಲ್ಲರ ಲೆಡ್ಜರಿಗೆ ಹೋಗುತ್ತದೆ.

ಎಷ್ಟು ಸರ್ವರ್, ಎಲ್ಲಿ

ಆರ್ಡರರ್‌ಗಳ ಸಂಖ್ಯೆ ಮನಸ್ಸಿಗೆ ಬಂದಷ್ಟು ಇಡುವಂಥದ್ದಲ್ಲ. ಫ್ಯಾಬ್ರಿಕ್‌ನಲ್ಲಿ ಹೆಚ್ಚಾಗಿ ಬಳಸುವ ರಾಫ್ಟ್ ವಿಧಾನಕ್ಕೆ ಬಹುಮತ ಬೇಕು. ಮೂರು ಇದ್ದರೆ ಒಂದು ಕೆಟ್ಟರೂ ಕೆಲಸ ನಡೆಯುತ್ತದೆ. ಐದು ಇದ್ದರೆ ಎರಡು ಕೆಡಬಹುದು. ನಾಲ್ಕು ಇದ್ದರೂ ಒಂದೇ ಕೆಡಬಹುದು, ಆದ್ದರಿಂದ ನಾಲ್ಕನೆಯದಕ್ಕೆ ಹಾಕಿದ ಹಣ ದಂಡ. ರಾಫ್ಟ್ ಯಂತ್ರ ಕೆಡುವುದನ್ನು ತಾಳುತ್ತದೆಯೇ ಹೊರತು ಯಂತ್ರ ಮೋಸ ಮಾಡುವುದನ್ನಲ್ಲ. ಮೋಸವನ್ನೂ ತಾಳುವ ವಿಧಾನ ಫ್ಯಾಬ್ರಿಕ್‌ನ 3.0 ಆವೃತ್ತಿಯಿಂದ ಸಿಗುತ್ತದೆ. ಅದರಲ್ಲಿ ಒಬ್ಬ ಮೋಸಗಾರನನ್ನು ತಾಳಲು ಕನಿಷ್ಠ ನಾಲ್ಕು ಆರ್ಡರರ್ ಬೇಕು. ಪರಸ್ಪರ ಪರಿಚಯವಿರುವ, ಒಪ್ಪಂದಕ್ಕೆ ಸಹಿ ಹಾಕಿದ ನಾಲ್ಕೈದು ಸಂಸ್ಥೆಗಳಿಗೆ ರಾಫ್ಟ್ ಸಾಕು ಎಂದು ನನಗೆ ಅನಿಸುತ್ತದೆ, ಏಕೆಂದರೆ ಆರ್ಡರರ್ ಸಾಲಿನ ಕ್ರಮ ಕೆಡಿಸಬಲ್ಲದು, ಆದರೆ ಪೀರ್‌ಗಳ ಸಹಿಯನ್ನು ತಾನೇ ಹಾಕಲಾರದು.

ಈಗ ಜಾಗದ ವಿಚಾರ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದಾಗ ರಸ್ತೆ, ಕರೆಂಟ್, ಫೋನ್ ಎಲ್ಲವೂ ಒಟ್ಟಿಗೆ ಹೋದವು. ಅಷ್ಟು ದೊಡ್ಡ ಅನಾಹುತವಿಲ್ಲದ ವರ್ಷಗಳಲ್ಲಿಯೂ ಭಾಗಮಂಡಲ, ನಾಪೋಕ್ಲು ಕಡೆ ಆಷಾಢದ ಮಳೆಗೆ ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ಕತ್ತಲೆ. ಬಹುಮತ ಬೇಕಾದ ಆರ್ಡರರ್‌ಗಳನ್ನು ಜಿಲ್ಲೆಯೊಳಗೇ ಇಟ್ಟರೆ ಮಡಿಕೇರಿಯಲ್ಲಿ ಕರೆಂಟ್ ಹೋದದ್ದಕ್ಕೆ ರಫ್ತುದಾರನ ಮಂಗಳೂರಿನ ಕಚೇರಿಯ ಕೆಲಸವೂ ನಿಲ್ಲುತ್ತದೆ. ಹಾಗಾಗಿ ಆರ್ಡರರ್‌ಗಳು ಘಟ್ಟದ ಹೊರಗಿನ ಡೇಟಾ ಸೆಂಟರ್‌ಗಳಲ್ಲಿ ಇರಲಿ. ದೊಡ್ಡ ಕ್ಲೌಡ್ ಕಂಪನಿಗಳ ಸರ್ವರ್ ಮುಂಬೈಯಲ್ಲಿಯೂ ಹೈದರಾಬಾದಿನಲ್ಲಿಯೂ ಸಿಗುತ್ತವೆ. ಒಂದೊಂದನ್ನು ಒಂದೊಂದು ಸಂಸ್ಥೆ ತನ್ನದೇ ಖಾತೆಯಲ್ಲಿ, ತನ್ನದೇ ಬಿಲ್ಲಿನಲ್ಲಿ ತೆಗೆದುಕೊಳ್ಳಬೇಕು. ತಂತ್ರಾಂಶ ಕಂಪನಿ ಎಲ್ಲವನ್ನೂ ನಾವೇ ನೋಡಿಕೊಳ್ಳುತ್ತೇವೆ ಎಂದರೆ ನಯವಾಗಿ ಬೇಡ ಎನ್ನಿ.

ಪೀರ್ ಮಾತ್ರ ನಿಮ್ಮ ಕಚೇರಿಯಲ್ಲಿಯೇ ಇರಲಿ. ಅದು ಎರಡು ದಿನ ಆರಿ ಮತ್ತೆ ಹತ್ತಿಕೊಂಡರೆ ತಪ್ಪಿಹೋದ ಬ್ಲಾಕ್‌ಗಳನ್ನು ತಾನೇ ತರಿಸಿಕೊಳ್ಳುತ್ತದೆ. ಸಂಘದ ಪ್ರತಿ ಸಂಘದ ಬೀರುವಿನಲ್ಲಿಯೇ ಇದೆ ಎಂಬುದಕ್ಕೆ ಸದಸ್ಯರ ಮುಂದೆ ಇರುವ ಬೆಲೆ ಬೇರೆ. ಕಚೇರಿಯ ಪೀರ್ ಆರಿದ ಹೊತ್ತಿನಲ್ಲಿ ಸಹಿಗೆ ತಡೆಯಾಗದಂತೆ ಸಂಘದ ಎರಡನೆಯ ಪೀರ್ ಒಂದನ್ನು ಕ್ಲೌಡ್‌ನಲ್ಲಿ ಇಡಬಹುದು.

ಯಂತ್ರ, ಕರೆಂಟ್, ತೇವ

ಕಚೇರಿಯ ಪೀರ್‌ಗೆ ದೊಡ್ಡ ಸರ್ವರ್ ಬೇಡ. ಲೆಕ್ಕ ಹಾಕಿ ನೋಡಿ: ವರ್ಷಕ್ಕೆ 10,000 ಲಾಟ್, ಪ್ರತಿ ಲಾಟಿಗೆ ಆರು ನಮೂದು, ಸಹಿ ಪ್ರಮಾಣಪತ್ರಗಳನ್ನೆಲ್ಲ ಸೇರಿಸಿ ನಮೂದಿಗೆ 5 ಕೆಬಿ ಎಂದರೂ ಒಟ್ಟು 300 ಎಂಬಿ. ಮೊಬೈಲಿನಲ್ಲಿ ತೆಗೆದ ಒಂದು ಮದುವೆಯ ವಿಡಿಯೋ ಇದಕ್ಕಿಂತ ಭಾರ. ನಾಲ್ಕು ಕೋರ್, 16 ಜಿಬಿ ಮೆಮೊರಿ, 512 ಜಿಬಿ ಅಥವಾ 1 ಟಿಬಿ ಎಸ್‌ಎಸ್‌ಡಿ ಇರುವ ಸಣ್ಣ ಮಿನಿ ಪಿಸಿ ಸಾಕು. ತಿರುಗುವ ಹಾರ್ಡ್‌ಡಿಸ್ಕ್ ಬೇಡ. ಹಣ ಉಳಿದರೆ ಅದೇ ಮಾದರಿಯ ಇನ್ನೊಂದು ಯಂತ್ರ ಕೊಂಡು ಕಪಾಟಿನಲ್ಲಿ ಇಡಿ.

ಕರೆಂಟಿನ ಲೆಕ್ಕವೂ ಸರಳ. ಯಂತ್ರ, ರೂಟರ್, ಫೈಬರ್ ಪೆಟ್ಟಿಗೆ ಸೇರಿ 50 ವ್ಯಾಟ್ ಎಂದುಕೊಳ್ಳೋಣ. 12 ವೋಲ್ಟಿನ 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1,800 ವ್ಯಾಟ್-ಗಂಟೆ ಇದೆ. ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಇಳಿಯುತ್ತದೆ. ಇನ್ವರ್ಟರ್ ತಿನ್ನುವುದನ್ನೂ ಕಳೆದರೆ ಕೈಗೆ ಸಿಗುವುದು ಸುಮಾರು 750. ಅಂದರೆ ಹದಿನೈದು ಗಂಟೆ. ಮೂರು ದಿನ ಓಡಿಸಬೇಕಾದರೆ ಐದು ಬ್ಯಾಟರಿ ಬೇಕಾಗುತ್ತದೆ. ಮಳೆಗಾಲದಲ್ಲಿ ಸೋಲಾರ್ ನಂಬುವ ಹಾಗಿಲ್ಲ. ನನ್ನ ಸಲಹೆ: ಹದಿನೈದು ಗಂಟೆಗೆ ಸಿದ್ಧ ಮಾಡಿ, ಆಮೇಲೆ ಬ್ಯಾಟರಿ ಇಳಿಯುತ್ತಿದ್ದಂತೆ ಯಂತ್ರ ತಾನಾಗಿ ಕ್ರಮವಾಗಿ ಆರುವಂತೆ ಇನ್ವರ್ಟರಿಗೂ ಯಂತ್ರಕ್ಕೂ ನಡುವೆ, ಯಂತ್ರಕ್ಕೆ ಸೂಚನೆ ಕೊಡುವ ಯುಎಸ್‌ಬಿ ಕೇಬಲ್ ಇರುವ ಒಂದು ಸಣ್ಣ ಯುಪಿಎಸ್ ಜೋಡಿಸಿ. ಕೊಡಗಿನ ಅದೃಷ್ಟಕ್ಕೆ ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ಕರೆಂಟ್ ಕೈಕೊಡುವ ಜೂನ್‌ನಿಂದ ಸೆಪ್ಟೆಂಬರಿನಲ್ಲಿ ಬರೆಯಲು ಹೆಚ್ಚೇನೂ ಇರುವುದಿಲ್ಲ.

ಅಪಾಯ ಇರುವುದು ಹೂಮಳೆಯ ಹೊತ್ತಿನಲ್ಲಿ. ಮಾರ್ಚ್ ಏಪ್ರಿಲಿನ ಗುಡುಗು ಮಳೆ ರೊಬಸ್ಟಾ ಸಾಗಣೆಯ ಮೇಲೆಯೇ ಬಂದು ಬೀಳುತ್ತದೆ, ಸಿಡಿಲು ತಂತಿಯ ಮೂಲಕ ಒಳಗೆ ಬರುತ್ತದೆ. ಅರ್ಥಿಂಗ್ ಒಣಗಿದೆಯೇ ಎಂದು ಫೆಬ್ರುವರಿಯಲ್ಲಿಯೇ ಎಲೆಕ್ಟ್ರಿಷಿಯನ್ ಕರೆಸಿ ಅಳೆಸಿ. ಮೀಟರ್ ಬೋರ್ಡಿನಲ್ಲಿ ಸರ್ಜ್ ತಡೆ ಹಾಕಿಸಿ. ಇಂಟರ್ನೆಟ್ಟಿಗೆ ತಾಮ್ರದ ತಂತಿಗಿಂತ ಫೈಬರ್ ಮೇಲು, ಏಕೆಂದರೆ ಗಾಜಿನ ಎಳೆಯಲ್ಲಿ ಸಿಡಿಲಿನ ವಿದ್ಯುತ್ ಹರಿಯದು. ಎರಡನೆಯ ದಾರಿಯಾಗಿ ಬೇರೆ ಕಂಪನಿಯ 4ಜಿ ಸಿಮ್ ಇರಲಿ. ಎರಡೂ ಒಂದೇ ಟವರಿನ ಫೈಬರನ್ನು ಅವಲಂಬಿಸಿದ್ದರೆ ಎರಡಿದ್ದೂ ಒಂದೇ, ಆದ್ದರಿಂದ ವಿಚಾರಿಸಿ ಕೊಳ್ಳಿ.

ತೇವದ ವಿಚಾರದಲ್ಲಿ ಒಂದು ತಿಳಿವಳಿಕೆ: ಓಡುತ್ತಿರುವ ಯಂತ್ರ ಬೆಚ್ಚಗಿರುತ್ತದೆ, ಅದರ ಮೇಲೆ ತೇವ ಕೂರುವುದು ಕಡಿಮೆ. ಕೆಡುವುದು ವಾರಗಟ್ಟಲೆ ಆಫ್ ಮಾಡಿಟ್ಟದ್ದು. ಮಳೆಗಾಲದಲ್ಲಿ ಬರೆಯಲು ಏನೂ ಇಲ್ಲದಿದ್ದರೂ ಕರೆಂಟ್ ಇರುವಷ್ಟು ಹೊತ್ತು ಓಡುತ್ತಿರಲಿ. ಗೋಡೆಯಿಂದ ಅರ್ಧ ಅಡಿ ದೂರ, ನೆಲದಿಂದ ಮೂರು ಅಡಿ ಎತ್ತರ, ಗಾಳಿಕಿಂಡಿಗೆ ಸಣ್ಣ ಜಾಲರಿ. ಹಲ್ಲಿ, ಇರುವೆ ಒಳಗೆ ಹೋದರೆ ವಾರಂಟಿಯವರು ಕೈ ಎತ್ತುತ್ತಾರೆ. ಚೀಲಗಳ ಧೂಳು ಬರುವ ಗೋದಾಮಿನ ಕೋಣೆ ಖಂಡಿತ ಬೇಡ.

ನೆಟ್ ಇಲ್ಲದ ದಿನ ತೂಕ ನಿಲ್ಲಬಾರದು. ತೂಕದ ಆ್ಯಪ್ ನಮೂದನ್ನು ಸಾಧನದಲ್ಲಿಯೇ ಉಳಿಸಿಕೊಂಡು, ಸಂಪರ್ಕ ಬಂದಾಗ ಸರದಿಯಲ್ಲಿ ಕಳುಹಿಸಬೇಕು. ತೂಕ ಮಾಡಿದ ಸಮಯ, ಲೆಡ್ಜರಿಗೆ ಸೇರಿದ ಸಮಯ ಎರಡನ್ನೂ ಬೇರೆ ಬೇರೆ ಬರೆಯಬೇಕು. ಇಲ್ಲದಿದ್ದರೆ ಮೂರು ದಿನದ ಕಾಫಿ ಒಂದೇ ರಾತ್ರಿ ಬಂದಂತೆ ಕಾಣುತ್ತದೆ. ಬೆಳೆಗಾರರಿಗೆ ಕಾಗದದ ಚೀಟಿ ಯಾವತ್ತೂ ತಪ್ಪದಿರಲಿ.

ಕೀ ಯಾರ ಬಳಿ

ಸರ್ವರ್ ಸುಟ್ಟರೆ ಹೊಸದು ಬರುತ್ತದೆ. ಖಾಸಗಿ ಕೀ, ಅಂದರೆ ಡಿಜಿಟಲ್ ಸಹಿ ಹಾಕಲು ಬೇಕಾದ ಗುಟ್ಟಿನ ಕಡತ, ಕಳ್ಳತನವಾದರೆ ನಿಮ್ಮ ಸಹಿಯನ್ನು ಇನ್ನೊಬ್ಬರು ಹಾಕುತ್ತಾರೆ. ಸಂಘದ ಮೂಲ ಕೀಯನ್ನು ಎರಡು ಪೆನ್‌ಡ್ರೈವಿನಲ್ಲಿ ಗೂಢಲಿಪಿ ಮಾಡಿ, ಒಂದನ್ನು ಬ್ಯಾಂಕ್ ಲಾಕರಿನಲ್ಲಿ, ಇನ್ನೊಂದನ್ನು ಬೇರೆ ಊರಿನಲ್ಲಿ ಇಡಿ. ಪಾಸ್‌ವರ್ಡ್ ಅಧ್ಯಕ್ಷರಿಗೆ ಅರ್ಧ, ಕಾರ್ಯದರ್ಶಿಗೆ ಅರ್ಧ. ಆಡಳಿತ ಮಂಡಳಿ ಬದಲಾದ ದಿನವೇ ಹಳೆಯ ಕಾರ್ಯದರ್ಶಿಯ ಪ್ರಮಾಣಪತ್ರ ರದ್ದಾಗಬೇಕು. ಇದನ್ನು ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಕ್ಯಾಶ್ ಪುಸ್ತಕದ ಪಕ್ಕದಲ್ಲಿಯೇ ಬರೆಸಿ.

ಹೊಸಬರು ಎಡವುವ ಜಾಗ ಪ್ರಮಾಣಪತ್ರದ ಅವಧಿ. ಫ್ಯಾಬ್ರಿಕ್‌ನ ಪ್ರಮಾಣಪತ್ರ ಸರ್ವರಿನಲ್ಲಿ ನೀವು ಯಾವ ಬದಲಾವಣೆಯನ್ನೂ ಮಾಡದಿದ್ದರೆ ಅದು ಒಂದು ವರ್ಷದ ಗುರುತು ಕೊಡುತ್ತದೆ. ಡಿಸೆಂಬರಿನಲ್ಲಿ ಉತ್ಸಾಹದಿಂದ ಜಾಲ ಆರಂಭಿಸಿದರೆ ಮುಂದಿನ ಡಿಸೆಂಬರಿನ ಕೊಯ್ಲಿನ ನಡುವೆ ಎಲ್ಲವೂ ಒಮ್ಮೆಲೇ ನಿಲ್ಲುತ್ತದೆ. ಆದ್ದರಿಂದ ಸ್ಥಾಪನೆ ಮೇ ತಿಂಗಳಿನಲ್ಲಿ ಆಗಲಿ: ರೊಬಸ್ಟಾ ಮುಗಿದಿರುತ್ತದೆ, ಮುಂಗಾರು ಇನ್ನೂ ಹತ್ತಿರುವುದಿಲ್ಲ, ನವೀಕರಣವೂ ಪ್ರತಿ ವರ್ಷ ಅದೇ ಬಿಡುವಿನಲ್ಲಿ ಬರುತ್ತದೆ.

ಬಾಗಿಲುಗಳನ್ನೂ ನೋಡಿಕೊಳ್ಳಿ. ಆರ್ಡರರ್‌ನ 7050, ಪೀರ್‌ನ 7051 ಪೋರ್ಟ್‌ಗಳು ಸದಸ್ಯರ ವಿಳಾಸಗಳಿಗೆ ಮಾತ್ರ ತೆರೆದಿರಲಿ, ಅದೂ ಟಿಎಲ್‌ಎಸ್ (ಸಾಗುವ ಮಾಹಿತಿಗೆ ಗೂಢಲಿಪಿ) ಇಟ್ಟುಕೊಂಡು. ಪೀರ್ ಜೊತೆಗೆ ಕೌಚ್‌ಡಿಬಿ ಎಂಬ ಡೇಟಾಬೇಸ್ ಹಾಕಿದ್ದರೆ ಅದರ 5984 ಪೋರ್ಟ್ ಹೊರಗಿನ ಜಗತ್ತಿಗೆ ಕಾಣಲೇಬಾರದು. ಎಲ್ಲ ಯಂತ್ರಗಳ ಗಡಿಯಾರ ಎನ್‌ಟಿಪಿ (ಇಂಟರ್ನೆಟ್ಟಿನಿಂದ ಸಮಯ ಹೊಂದಿಸುವ ವಿಧಾನ) ಮೂಲಕ ಒಂದೇ ಸಮಯ ತೋರಿಸಬೇಕು.

ಬ್ಯಾಕಪ್ ಬೇಡ, ಪ್ರತಿ ಎಲ್ಲರ ಬಳಿ ಇದೆಯಲ್ಲ ಎನ್ನುವವರು ಸಿಗುತ್ತಾರೆ. ಬ್ಲಾಕ್‌ಗಳು ಎಲ್ಲರ ಬಳಿ ಇರುವುದು ನಿಜ. ಕೀಗಳು, ಸಂರಚನೆಯ ಕಡತಗಳು, ಖಾಸಗಿ ದತ್ತಾಂಶ, ಸದಸ್ಯರ ಹೆಸರಿನ ಡೇಟಾಬೇಸ್, ಫೋಟೋಗಳು ಹಾಗೆ ಎಲ್ಲರ ಬಳಿ ಇರುವುದಿಲ್ಲ. ಅವನ್ನು ವಾರಕ್ಕೊಮ್ಮೆ ನಕಲು ಮಾಡಿ.

ಓಡಿಸಿ ನೋಡುವ ಕ್ರಮ

ಫ್ಯಾಬ್ರಿಕ್ ಜೊತೆಗೆ ಒಂದು ಪರೀಕ್ಷಾ ಜಾಲ ಬರುತ್ತದೆ. ಡಾಕರ್ (ಒಂದೇ ಯಂತ್ರದೊಳಗೆ ಹಲವು ಸರ್ವರ್ ಬೇರೆ ಬೇರೆಯಾಗಿ ಓಡಿಸುವ ತಂತ್ರಾಂಶ) ಇರುವ ಒಂದು ಲ್ಯಾಪ್‌ಟಾಪಿನಲ್ಲಿ ಎರಡು ಸಂಸ್ಥೆಗಳ ಜಾಲ ಎದ್ದು ನಿಲ್ಲುತ್ತದೆ. ಪೊನ್ನಂಪೇಟೆಯ ಅಥವಾ ಕುಶಾಲನಗರದ ಕಾಲೇಜಿನ ಕಂಪ್ಯೂಟರ್ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಯೋಜನಾ ಕೆಲಸ. ಅದರಲ್ಲಿ ನಿಮ್ಮ ಲಾಟ್‌ನ ನಮೂದುಗಳನ್ನು ಆಡಿಸಿ ನೋಡಿದ ಮೇಲೆ ನಿಜವಾದ ಯಂತ್ರಗಳಿಗೆ ಬನ್ನಿ. ಮೊದಲ ಕೊಯ್ಲಿನಲ್ಲಿ ಹಳೆಯ ರಿಜಿಸ್ಟರೂ ಲೆಡ್ಜರೂ ಜೊತೆಯಾಗಿ ನಡೆಯಲಿ, ವಾರಕ್ಕೊಮ್ಮೆ ತಾಳೆ ನೋಡಿ.

ಕೊಯ್ಲು ಶುರುವಾಗುವ ಮೊದಲು, ಹೇಳದೆ ಕೇಳದೆ, ಕಚೇರಿಯ ಪೀರ್‌ನ ಪ್ಲಗ್ ಕೀಳಿಸಿ. ಒಂದು ದಿನ ಬಿಟ್ಟು ಹಾಕಿ, ಹಿಂದೆ ಬಿದ್ದ ಬ್ಲಾಕ್‌ಗಳು ಬಂದವೇ ನೋಡಿ. ಮೂರು ಆರ್ಡರರ್ ಇಟ್ಟಿದ್ದರೆ ಒಂದನ್ನು ಆಫ್ ಮಾಡಿ, ಕೆಲಸ ನಡೆಯಬೇಕು; ಎರಡನ್ನು ಆಫ್ ಮಾಡಿ, ನಿಲ್ಲಬೇಕು. ನಿಲ್ಲದಿದ್ದರೆ ನಿಮಗೆ ಹೇಳಿದ್ದಕ್ಕೂ ಕಟ್ಟಿದ್ದಕ್ಕೂ ವ್ಯತ್ಯಾಸವಿದೆ ಎಂದರ್ಥ. ಕಪಾಟಿನ ಎರಡನೆಯ ಯಂತ್ರದ ಮೇಲೆ ಬ್ಯಾಕಪ್ಪಿನಿಂದ ಹೊಸ ಪೀರ್ ಎಬ್ಬಿಸಲು ಎಷ್ಟು ಹೊತ್ತಾಯಿತು ಎಂದು ಬರೆದಿಡಿ. ಅದನ್ನು ಮಾಡಿದವರು ತಂತ್ರಾಂಶ ಕಂಪನಿಯವರಾಗಿರದೆ ಸಂಘದ ಸಿಬ್ಬಂದಿಯೇ ಆಗಿರಬೇಕು.

ಕೊನೆಯದಾಗಿ ಒಪ್ಪಂದ ಪತ್ರ. ಆರ್ಡರರ್‌ಗಳ ಮಾಸಿಕ ಬಾಡಿಗೆ ಯಾರು ಎಷ್ಟು ಕೊಡಬೇಕು, ಒಂದು ಸಂಸ್ಥೆ ಮೂರು ತಿಂಗಳು ಕೊಡದಿದ್ದರೆ ಏನು, ಹೊಸಬರನ್ನು ಸೇರಿಸಲು ಎಷ್ಟು ಮಂದಿಯ ಒಪ್ಪಿಗೆ ಬೇಕು, ತಪ್ಪು ತೂಕ ನಮೂದಾದರೆ ತಿದ್ದುಪಡಿ ನಮೂದಿಗೆ ಯಾರ ಸಹಿ ಬೇಕು ಎಂಬುದೆಲ್ಲ ಅದರಲ್ಲಿ ಇರಬೇಕು. ಜಾಲ ಬಿಟ್ಟು ಹೋಗುವವರು ತಮ್ಮ ಪೀರ್‌ನಲ್ಲಿರುವ ಅಂದಿನವರೆಗಿನ ಪ್ರತಿಯನ್ನು ಜೊತೆಗೆ ಒಯ್ಯಬಹುದು, ಅದನ್ನು ಓದುವ ತಂತ್ರಾಂಶವನ್ನು ಉಳಿದವರು ಕೊಡಬೇಕು ಎಂಬ ಷರತ್ತನ್ನು ವಕೀಲರಿಂದ ಸ್ಪಷ್ಟವಾಗಿ ಬರೆಸಿಕೊಂಡ ಮೇಲೆಯೇ ಮುಂಗಡ ಹಣ ಕೊಡಿ.